ನಾಲ್ಕು ದಿನ ಬೀಳುವ ದಾರಿ: ಗೌರಿಬಿದನೂರಿನಿಂದ ಕೆಜಿಎಫ್‌ವರೆಗೆ ಒಂದು ಕಪ್ಪುಕುಳಿಯ ಜಾಡಿನಲ್ಲಿ

ಯುಗಾದಿಗೆ ಮುಂಚಿನ ಅಮಾವಾಸ್ಯೆಯ ಆಸುಪಾಸು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯಲ್ಲಿ ಎಲ್ಲೇ ನಿಂತರೂ ನಡುರಾತ್ರಿಯ ಹೊತ್ತಿಗೆ ಎಂ87 ಗ್ಯಾಲಕ್ಸಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಖಗೋಳದ ಸಮಭಾಜಕದಿಂದ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆ) ಅದು ಉತ್ತರಕ್ಕೆ 12.4 ಡಿಗ್ರಿಯಲ್ಲಿದೆ. ಗೌರಿಬಿದನೂರಿನ ಅಕ್ಷಾಂಶ 13.6 ಡಿಗ್ರಿ. ಕೆಜಿಎಫ್‌ನಿಂದ ನೋಡಿದರೆ ಅದು ನೆತ್ತಿಯಿಂದ ಸರಿಯುವುದು ಅರ್ಧ ಡಿಗ್ರಿಗೆ ಚೂರು ಮೇಲೆ, ಅಂದರೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಆ ಗ್ಯಾಲಕ್ಸಿಯ ನಟ್ಟನಡುವೆ 650 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಕೂತಿದೆ. ಮನುಷ್ಯ ಕಪ್ಪುಕುಳಿಯೊಳಗೆ ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಗುರಿ ಸಿಗುವುದು ಕಷ್ಟ. ಇಲ್ಲಿ ಬೀಳುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಗಂಟೆ ಗಂಟೆಗೂ ಏನಾಗುತ್ತದೆಂದು ಬಿಡಿಸಿ ನೋಡಬಹುದು.

ಈ ಪ್ರವಾಸದಲ್ಲಿ ಎರಡು ಪಯಣ ಒಟ್ಟೊಟ್ಟಿಗೆ ಸಾಗುತ್ತವೆ. ಒಂದು ನಮ್ಮ ರಸ್ತೆ ಪಯಣ. ಇನ್ನೊಂದು ಆ ಕುಳಿಗೆ ಬೀಳುತ್ತಿರುವ ಯಾತ್ರಿಕನದು. ಬಹುದೂರದಿಂದ ಎಂಜಿನ್ ಇಲ್ಲದೆ ಬೀಳುತ್ತಾ ಬಂದ ಅವನು ಗುರುವಾರ ಬೆಳಿಗ್ಗೆ 6ಕ್ಕೆ ಘಟನಾ ದಿಗಂತದ ತ್ರಿಜ್ಯದ ನಾಲ್ಕರಷ್ಟು ದೂರದ ಗುರುತನ್ನು ದಾಟುತ್ತಾನೆ. ಘಟನಾ ದಿಗಂತವೆಂದರೆ ಬೆಳಕೂ ಹಿಂದಿರುಗಲಾಗದ ಗಡಿ. ಕೆಳಗೆ ಕೊಟ್ಟ ಗಂಟೆಗಳೆಲ್ಲ ಅವನ ಕೈಗಡಿಯಾರದವು. ಕುಳಿ ತನ್ನ ಸುತ್ತ ತಿರುಗುವುದಿಲ್ಲ ಎಂದಿಟ್ಟುಕೊಂಡು, 1916ರಲ್ಲಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಐನ್‌ಸ್ಟೈನರ ಗುರುತ್ವ ಸಮೀಕರಣಗಳಿಗೆ ಪ್ರಕಟಿಸಿದ ಪರಿಹಾರದ ಮೇಲೆ ಲೆಕ್ಕ ಹಾಕಿದ್ದೇವೆ. ಲೆಕ್ಕ ಯಾರು ಬೇಕಾದರೂ ಮಾಡುವಂಥದ್ದು. ದೂರವನ್ನು ದಿಗಂತದ ತ್ರಿಜ್ಯದ ಎಷ್ಟರಷ್ಟು ಎಂದು ಬರೆದುಕೊಳ್ಳಿ. ಅದನ್ನು ಅದರದೇ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 11.86 ಗಂಟೆಯಿಂದ ಗುಣಿಸಿ. ಕುಳಿಯ ನಟ್ಟನಡುವಿನ ಅಂತ್ಯಕ್ಕೆ ಇನ್ನು ಉಳಿದ ಸಮಯ ಬರುತ್ತದೆ. ನಾಲ್ಕರಷ್ಟು ದೂರದಿಂದ 94 ಗಂಟೆ 52 ನಿಮಿಷ, ಅಂದರೆ ಸೋಮವಾರ ಬೆಳಗಿನ ಜಾವ 4:52.

ಗುರುವಾರ: ಗೌರಿಬಿದನೂರು

ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ನಡೆಸುವ ರೇಡಿಯೊ ವೀಕ್ಷಣಾಲಯ ಇಲ್ಲಿದೆ. ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಪಡೆದಿರಬೇಕು. ಮೊಬೈಲ್ ಸ್ವಿಚ್ ಆಫ್ ಮಾಡುವುದು ಇಲ್ಲಿ ಬರೀ ಶಿಸ್ತಿನ ಮಾತಲ್ಲ, ಕ್ಷೀಣ ಸಂಕೇತ ಹಿಡಿಯುವ ಯಂತ್ರದ ಪಕ್ಕದಲ್ಲಿ ಅದು ಗದ್ದಲವೇ ಸರಿ. 34.5 ಮೆಗಾಹರ್ಟ್ಸ್‌ನ ದೂರದರ್ಶಕವೆಂದರೆ ತಟ್ಟೆಯಾಕಾರದ ಆಂಟೆನಾ ಎಂದುಕೊಂಡು ಬರುವವರಿಗೆ ಕಾಣುವುದು ಕಂಬ ಮತ್ತು ತಂತಿಗಳ ಹೊಲ. ಇಂಗ್ಲಿಷಿನ ‘ಟಿ’ ಆಕಾರದಲ್ಲಿ 1,000 ಡೈಪೋಲ್‌ಗಳು, ಅಂದರೆ ಸರಳ ತಂತಿ ಆಂಟೆನಾಗಳು. ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣದ ತೋಳು ಅರ್ಧ ಕಿ.ಮೀ.ಗೆ ಸ್ವಲ್ಪ ಕಡಿಮೆ.

ಎಂ87 ರೇಡಿಯೊ ಆಕಾಶದಲ್ಲಿ ವರ್ಗೋ ಎ ಎಂಬ ಹೆಸರಿನಿಂದ ಬಹಳ ಪ್ರಖರ, ಅದೂ ಇಂಥ ಕಡಿಮೆ ಆವರ್ತನದಲ್ಲಿ. ಆದರೆ ಈ ಹೊಲಕ್ಕೆ ಅದು ಒಂದು ಚುಕ್ಕೆ. ಇದು ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಒಂದು ದಿಕ್ಕಿನಲ್ಲಿ 26, ಇನ್ನೊಂದರಲ್ಲಿ 42 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು). ಕುಳಿಯ ಸುತ್ತಲಿನ ಬೆಳಕಿನ ಉಂಗುರದ ಅಗಲ 42 ಮೈಕ್ರೊಆರ್ಕ್‌ಸೆಕೆಂಡ್. ಆ 42 ಆರ್ಕ್‌ಮಿನಿಟ್‌ಗಿಂತ ಆರು ಕೋಟಿ ಪಟ್ಟು ಚಿಕ್ಕದು. ಅದನ್ನು ಹಿಡಿಯಲು 2017ರ ಏಪ್ರಿಲ್‌ನಲ್ಲಿ ಭೂಮಿಯ ಐದು ಕಡೆಗಳ ಏಳು ದೂರದರ್ಶಕಗಳನ್ನು 1.3 ಮಿಲಿಮೀಟರ್ ಅಲೆಯುದ್ದದಲ್ಲಿ ಒಟ್ಟಿಗೆ ಹೂಡಬೇಕಾಯಿತು. ಚಿತ್ರ ಹೊರಬಿದ್ದದ್ದು 2019ರ ಏಪ್ರಿಲ್ 10ರಂದು. ಅಲೆ ಚಿಕ್ಕದಾದಷ್ಟೂ, ಆಂಟೆನಾಗಳು ದೂರವಾದಷ್ಟೂ ನೋಟ ಚೂಪಾಗುತ್ತದೆ. ಗೌರಿಬಿದನೂರಿನ ಅಲೆ 8.7 ಮೀಟರ್ ಉದ್ದದ್ದು, ಹಾಗಾಗಿ ಇಲ್ಲಿ ಆ ಚೂಪು ಸಾಧ್ಯವೇ ಇಲ್ಲ. ಬಹುಪಾಲು ಆಕಾಶದ ಕಡಿಮೆ ಆವರ್ತನದ ನಕ್ಷೆ ಬರೆಯುವುದು ಇದರ ಕೆಲಸ, ಅದನ್ನು ಇದು ಮಾಡಿದೆ.

ಯಾತ್ರಿಕ ಈಗ ಎಲ್ಲಿದ್ದಾನೆ? ದಿಗಂತದ ತ್ರಿಜ್ಯ 1,920 ಕೋಟಿ ಕಿ.ಮೀ., ಸೂರ್ಯನಿಂದ ಭೂಮಿಗಿರುವ ದೂರದ 128 ಪಟ್ಟು. ನೆಪ್ಚೂನ್ ಇರುವುದೇ 30 ಪಟ್ಟಿನಲ್ಲಿ. ಅವನು ಹೊರಟ ಗುರುತು ನಡುವಿನಿಂದ 7,680 ಕೋಟಿ ಕಿ.ಮೀ. ದೂರದ್ದು, ಅಲ್ಲಿ ಅವನ ವೇಗ ಬೆಳಕಿನ ಅರ್ಧ. ಮುಂದೆ ಕಾಣುವ ಕಪ್ಪು ವೃತ್ತದ ಅಗಲ 40 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ ಮರೆಮಾಡುತ್ತದೆ, ನಾಲ್ಕು ಮುಷ್ಟಿಯಗಲ ಕತ್ತಲೆ. ಅವನ ಮೈಗೆ ಏನೂ ಅನಿಸುವುದಿಲ್ಲ. ಮುಕ್ತವಾಗಿ ಬೀಳುವವನಿಗೆ ತೂಕವೇ ಇಲ್ಲ, ಬಾಟಲಿಯಿಂದ ಚೆಲ್ಲಿದ ನೀರು ಗುಂಡಗೆ ಪಕ್ಕದಲ್ಲೇ ತೇಲುತ್ತದೆ. ದೂರದಲ್ಲಿ ನಿಂತು ಅವನನ್ನು ನೋಡುವವರಿಗೆ ಮಾತ್ರ ಅವನು ಬರಿಗಣ್ಣಿಗೆ ಆಗಲೇ ಮರೆಯಾಗಿದ್ದಾನೆ. ಅವನ ಟಾರ್ಚಿನ 500 ನ್ಯಾನೊಮೀಟರ್ ಹಸಿರು ಬೆಳಕು ಹೊರಗೆ ತಲುಪುವಾಗ 1,000 ನ್ಯಾನೊಮೀಟರ್ ಆಗಿ ಅತಿಗೆಂಪಿಗೆ ಜಾರಿರುತ್ತದೆ.

ಶುಕ್ರವಾರ: ಮಧುಗಿರಿ ದಾಟಿ ಪಾವಗಡ

ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಬಿಸಿಲೇರುವ ಮೊದಲೇ ನೋಡಿ ಮುಂದೆ ಸಾಗುವುದು ಒಳ್ಳೆಯದು, ಮಾರ್ಚ್ ಕೊನೆಯಲ್ಲಿ ಹತ್ತು ಗಂಟೆಗೇ ಬಂಡೆ ಕಾಯುತ್ತದೆ. ಪಾವಗಡದ ಸೌರ ಪಾರ್ಕಿಗೆ ಮಧ್ಯಾಹ್ನ ತಲುಪಿದರೆ ಸಾಕು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ, 2,050 ಮೆಗಾವಾಟ್ ಸಾಮರ್ಥ್ಯ.

3:14ಕ್ಕೆ ಯಾತ್ರಿಕ ದಿಗಂತದ ಮೂರರಷ್ಟು ದೂರಕ್ಕೆ ಬರುತ್ತಾನೆ. ತಿರುಗದ ಕುಳಿಯ ಸುತ್ತ ಯಾವುದೇ ವಸ್ತು ನೆಲೆಯಾಗಿ ಸುತ್ತಬಲ್ಲ ಕೊನೆಯ ವೃತ್ತ ಇದೇ. ಇದಕ್ಕಿಂತ ಒಳಗೆ ಚೂರು ಅಲುಗಿದರೂ ಸುರುಳಿ ಸುತ್ತಿ ಬೀಳುವುದೇ ಗತಿ. ಕುಳಿಗೆ ಇಳಿಯುವ ಅನಿಲ ಈ ಅಂಚಿನವರೆಗೆ ತಟ್ಟೆಯಾಗಿ ಸುತ್ತುತ್ತಾ, ಉಜ್ಜಿಕೊಂಡು ಕಾದು, ಶಕ್ತಿ ಚೆಲ್ಲಬಲ್ಲದು. ಎಷ್ಟು ಶಕ್ತಿ ಎನ್ನುವುದನ್ನು ಪಾವಗಡದಲ್ಲಿ ನಿಂತೇ ಲೆಕ್ಕ ಹಾಕೋಣ. ಈ ಇಡೀ ಪಾರ್ಕು ಹಗಲೂ ರಾತ್ರಿ ಪೂರ್ಣ ಸಾಮರ್ಥ್ಯದಲ್ಲಿ ಒಂದು ವರ್ಷ ಓಡಿದರೆ ಬರುವ ಶಕ್ತಿ ಮುಕ್ಕಾಲು ಕಿಲೋಗಿಂತ ಚೂರು ಕಡಿಮೆ ದ್ರವ್ಯರಾಶಿಗೆ ಸಮ, 0.72 ಕಿಲೋ. ಸೂರ್ಯನೊಳಗೆ ನಡೆಯುವಂತೆ ಹೈಡ್ರೋಜನ್ ಬೆಸೆದು ಅಷ್ಟು ಪಡೆಯಲು ನೂರು ಕಿಲೋ ಹೈಡ್ರೋಜನ್ ಬೇಕು, ಅಲ್ಲಿ ಸಿಗುವುದು ಶೇ 0.7 ಮಾತ್ರ. ತಿರುಗದ ಕುಳಿಯ ತಟ್ಟೆಯಿಂದ ಶೇ 5.7ರವರೆಗೆ ಸಿಗುತ್ತದೆ, 13 ಕಿಲೋ ಯಾವ ವಸ್ತುವಾದರೂ ನಡೆದೀತು. ಮಣ್ಣೂ ಆದೀತು. ವೇಗವಾಗಿ ತಿರುಗುವ ಕುಳಿಯಲ್ಲಿ ಇದು ಇನ್ನೂ ಹಲವು ಪಟ್ಟು ಏರುತ್ತದೆ. ಎಂ87ರ ತಟ್ಟೆ ಇಷ್ಟು ದಕ್ಷವಲ್ಲ, ಅಲ್ಲಿನ ತೆಳುವಾದ ಬಿಸಿ ಅನಿಲ ಬಹುಪಾಲು ಶಕ್ತಿಯನ್ನು ಹೊಳೆಯದೆಯೇ ಒಳಗೆ ಒಯ್ಯುತ್ತದೆ.

ಆದರೆ ಅದೇ ತೆಳು ಅನಿಲ ಸಾಕು ಯಾತ್ರಿಕನನ್ನು ಕೊಲ್ಲಲು. ಕಪ್ಪುಕುಳಿ ಎಂದಾಕ್ಷಣ ಎಲ್ಲರೂ ಮೈ ಎಳೆದು ಸಾಯುವ ಮಾತಾಡುತ್ತಾರೆ. ನಿಜವಾದ ಎಂ87ಗೆ ಹೊರಟವನು ಅಷ್ಟು ದೂರ ಬದುಕಿರುವುದೇ ಇಲ್ಲ. ದಿಗಂತದ ಬಳಿಯ ಅನಿಲದಲ್ಲಿ ಘನ ಸೆಂಟಿಮೀಟರಿಗೆ ಕಡಿಮೆಯೆಂದರೂ 10 ಸಾವಿರ ಎಲೆಕ್ಟ್ರಾನ್, ಅಷ್ಟೇ ಪ್ರೋಟಾನ್ ಇವೆಯೆಂದು 2021ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅರ್ಧ ಬೆಳಕಿನ ವೇಗದಲ್ಲಿ ಅದನ್ನು ಸೀಳಿಕೊಂಡು ಹೋಗುವವನಿಗೆ ಒಂದೊಂದು ಪ್ರೋಟಾನೂ 145 ಮೆಗಾಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಬಡಿಯುತ್ತದೆ, ಕ್ಯಾನ್ಸರ್ ಗೆಡ್ಡೆ ಸುಡಲು ಆಸ್ಪತ್ರೆಯಲ್ಲಿ ಬಳಸುವ ಪ್ರೋಟಾನ್ ಕಿರಣದಷ್ಟೇ ಬಿರುಸಾಗಿ. ಸೆಕೆಂಡಿಗೆ ಲಕ್ಷ ಗ್ರೇ (ಮೈ ಹೀರುವ ವಿಕಿರಣದ ಅಳತೆ) ಮೀರಿದ ವಿಕಿರಣ ಮೈಗೆ ಇಳಿಯುತ್ತದೆ. ಇಡೀ ಮೈಗೆ 4–5 ಗ್ರೇ ಬಿದ್ದರೇ ಮನುಷ್ಯ ಚಿಕಿತ್ಸೆಯಿಲ್ಲದೆ ಉಳಿಯುವುದು ಅನುಮಾನ. ಅನಿಲವೂ ಅವನ ಜೊತೆಗೇ ಬೀಳುತ್ತಿದ್ದರೆ ಪೆಟ್ಟು ತಗ್ಗುತ್ತದೆ, ಆದರೆ ಸುತ್ತುವ ಅನಿಲ ನೆಟ್ಟಗೆ ಬೀಳುವವನಿಗೆ ಅಡ್ಡಲಾಗಿಯೇ ಬಡಿಯುತ್ತದೆ. ಇಲ್ಲಿಂದ ಮುಂದಿನದಕ್ಕೆ ಸುತ್ತ ಅನಿಲವೇ ಇಲ್ಲದ, ಅಷ್ಟೇ ದ್ರವ್ಯರಾಶಿಯ ಕುಳಿ ಬೇಕು. ಅದನ್ನೇ ಇಟ್ಟುಕೊಂಡು ಮುಂದುವರಿಯೋಣ.

ಶನಿವಾರ: ಗುಡಿಬಂಡೆಯ ರಾತ್ರಿ

ಹಗಲು ವಿಶ್ರಾಂತಿಗೆ ಬಿಡಿ. ರಾತ್ರಿ ಗುಡಿಬಂಡೆಯ ಸುತ್ತ, ಹೆದ್ದಾರಿಯ ದೀಪಗಳಿಂದ ದೂರದ ಬಯಲು ನೋಡಿಕೊಳ್ಳಿ. ಸಂಜೆ 7:19ಕ್ಕೆ ಯಾತ್ರಿಕ ದಿಗಂತದ ಎರಡರಷ್ಟು ದೂರದಲ್ಲಿರುತ್ತಾನೆ, ಮುಂದಿನ ಕತ್ತಲೆ 61 ಡಿಗ್ರಿ ಅಗಲ. ಅವನು ಒಂದು ಸೆಕೆಂಡಿಗೊಮ್ಮೆ ಮಿನುಗಿಸುವ ದೀಪ ದೂರದವರಿಗೆ 3.4 ಸೆಕೆಂಡಿಗೊಮ್ಮೆ ಮಿನುಗಿದಂತೆ ತಲುಪುತ್ತದೆ.

ಎಂ87ರ ಹೊಳಪು 8.6 (ಅಂಕಿ ಹೆಚ್ಚಿದಷ್ಟೂ ಮಸುಕು), ಬರಿಗಣ್ಣಿಗೆ ಸಿಗದು. 4 ಇಂಚಿನ ದೂರದರ್ಶಕದಲ್ಲಿ ಸಿಗುತ್ತದೆ, 6 ಇಂಚಿದ್ದರೆ ಧಾರಾಳ. ಸಿಂಹರಾಶಿಯ ಬಾಲದ ತುದಿಯ ಉತ್ತರಾ ನಕ್ಷತ್ರ ಮತ್ತು ಕನ್ಯಾರಾಶಿಯ ವಿಂಡೆಮಿಯಾಟ್ರಿಕ್ಸ್ ಇವೆರಡರ ನಡುವೆ ಗೆರೆ ಎಳೆದರೆ ಹೆಚ್ಚುಕಡಿಮೆ ಮಧ್ಯದಲ್ಲೇ ಅದಿದೆ. ತಪ್ಪಾಗುವುದು ಇಲ್ಲೇ. ಆ ಜಾಗ ಕನ್ಯಾ ಗುಚ್ಛದ ಗ್ಯಾಲಕ್ಸಿಗಳಿಂದ ತುಂಬಿದೆ, ಮೊದಲು ಕಣ್ಣಿಗೆ ಬಿದ್ದ ಮಸುಕನ್ನೇ ಎಂ87 ಎಂದುಬಿಡುತ್ತಾರೆ. ಅಕ್ಕಪಕ್ಕ ಒಂದೇ ನೋಟದಲ್ಲಿ ಎರಡು ಮಸುಕುಗಳು ಸಿಕ್ಕರೆ ಅದು ಎಂ84 ಮತ್ತು ಎಂ86 ಜೋಡಿ, ಅಲ್ಲಿಂದ ಆಗ್ನೇಯಕ್ಕೆ ಒಂದೂವರೆ ಡಿಗ್ರಿಯಷ್ಟು ಸರಿದು ಹುಡುಕಿ. ಎಂ87 ದುಂಡಗೆ, ನಡುವೆ ದಟ್ಟವಾಗಿ, ಅಂಚಿಗೆ ಕರಗುತ್ತದೆ. ಕಣ್ಣು ಕತ್ತಲಿಗೆ ಹೊಂದಲು 25 ನಿಮಿಷವಾದರೂ ಬಿಡಬೇಕು. ಈ ನಡುವೆ ಯಾರಾದರೂ ಫೋನ್ ತೆಗೆದರೆ ಲೆಕ್ಕ ಮತ್ತೆ ಮೊದಲಿಂದ. ನೆತ್ತಿಯ ಮೇಲಿರುವುದನ್ನು ನೋಡುವಾಗ ಕತ್ತು ನೋಯುತ್ತದೆ, ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರಿಸಿದ ಕನ್ನಡಿ ದೂರದರ್ಶಕ) ನೆಟ್ಟಗೆ ಮೇಲಕ್ಕೆ ಸರಾಗವಾಗಿ ತಿರುಗುವುದೂ ಇಲ್ಲ. ಹಾಗಾಗಿ ಅದು ನೆತ್ತಿಗೆ ಬರುವ ಒಂದು ಗಂಟೆ ಮೊದಲೇ ಹಿಡಿಯುವುದು ಸುಲಭ. ಕುಳಿಯ ಬಳಿಯಿಂದ ಚಿಮ್ಮುವ ಧಾರೆಯನ್ನು ಹೀಬರ್ ಕರ್ಟಿಸ್ 1918ರಲ್ಲಿ ನೆಟ್ಟಗಿನ ಕಿರಣವೆಂದು ವಿವರಿಸಿದರು. ಅದು ಇಷ್ಟು ಚಿಕ್ಕ ಕನ್ನಡಿಗೆ ದಕ್ಕುವುದಿಲ್ಲ. ನಿಮ್ಮ ಕಣ್ಣಿಗೆ ಬೀಳುವ ಬೆಳಕು ಹೊರಟು ಸುಮಾರು ಐದೂವರೆ ಕೋಟಿ ವರ್ಷವಾಗಿದೆ.

ಭಾನುವಾರ: ನಂದಿಬೆಟ್ಟ, ಆಮೇಲೆ ಕೆಜಿಎಫ್

ವಾರಾಂತ್ಯದಲ್ಲಿ ನಂದಿಬೆಟ್ಟದ ಬುಡದಲ್ಲೇ ವಾಹನಗಳ ಸಾಲು ನಿಲ್ಲುವುದರಿಂದ ನಸುಕಿನಲ್ಲೇ ಹೊರಡಬೇಕು. 1,478 ಮೀಟರ್ ಎತ್ತರದಲ್ಲಿ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ, 7:04ಕ್ಕೆ, ಯಾತ್ರಿಕ ಒಂದೂವರೆಯಷ್ಟು ದೂರದಲ್ಲಿ ಬೆಳಕಿನ ಗೋಳವನ್ನು ಹಾಯುತ್ತಾನೆ. ಇಲ್ಲಿ ಅಡ್ಡಲಾಗಿ ಹೊರಟ ಬೆಳಕು ಕುಳಿಯ ಸುತ್ತಲೇ ಸುತ್ತಬಲ್ಲದು. ಎಂಜಿನ್ ಉರಿಸುತ್ತಾ ಇಲ್ಲೇ ನಿಂತುಕೊಂಡವನು ನೇರ ಪಕ್ಕಕ್ಕೆ ನೋಡಿದರೆ ತನ್ನ ಬೆನ್ನೇ ಕಾಣಬೇಕು, ಅವನಿಗೆ ಕತ್ತಲೆ ಸರಿಯಾಗಿ ಅರ್ಧ ಆಕಾಶ ತುಂಬಿರುತ್ತದೆ. ಬೀಳುತ್ತಿರುವವನಿಗೆ ಮಾತ್ರ ಅದು 70 ಡಿಗ್ರಿ ಅಷ್ಟೇ. ಓಡುವವನಿಗೆ ಮಳೆ ಮುಂದಿನಿಂದ ಬಂದಂತೆ ಕಾಣುವುದಿಲ್ಲವೇ, ಹಾಗೆ ವೇಗದಿಂದಾಗಿ ಸುತ್ತಲಿನ ಬೆಳಕೆಲ್ಲ ಮುಂದಕ್ಕೆ ಒತ್ತರಿಸಿ ಕತ್ತಲೆಯನ್ನು ಕಿರಿದಾಗಿಸುತ್ತದೆ.

ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ಮೇಲೆ ಕೆಜಿಎಫ್ ತಲುಪಲು ಮಧ್ಯಾಹ್ನವಾಗುತ್ತದೆ. ಗಣಿಗಳು 2001ರಲ್ಲಿ ಮುಚ್ಚಿದವು. ಬಾವಿಗಳೊಳಗೆ ಇಳಿಯುವಂತಿಲ್ಲ, ಆಳದಲ್ಲೆಲ್ಲ ನೀರು ನಿಂತಿದೆ. ಸೈನೈಡ್ ದಿಬ್ಬಗಳ ಬಳಿ ಗಾಳಿ ಎದ್ದರೆ ಮೂಗು ಮುಚ್ಚಿಕೊಳ್ಳಿ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ನಮ್ಮ ಸೂರ್ಯನನ್ನು ಕಪ್ಪುಕುಳಿಯಾಗುವಷ್ಟು ಅದುಮಿದರೆ ಅದರ ದಿಗಂತದ ತ್ರಿಜ್ಯ 2.95 ಕಿ.ಮೀ. ಈ ಬಾವಿಯ ಆಳಕ್ಕಿಂತ ಕಡಿಮೆ. ಹತ್ತು ಸೂರ್ಯರ ಕುಳಿಯಾದರೆ 29.5 ಕಿ.ಮೀ., ಇಲ್ಲಿಂದ ಕೋಲಾರದಷ್ಟು ದೂರ. ಇಂಥ ಚಿಕ್ಕ ಕುಳಿಗಳೇ ಭಯಂಕರ.

ಕಾರಣ ಇದು. ಕಾಲು ಮುಂದಾಗಿ ಬೀಳುವವನ ಕಾಲು ಕುಳಿಗೆ ಹತ್ತಿರ, ತಲೆ ದೂರ. ಕಾಲಿನ ಮೇಲಿನ ಸೆಳೆತ ಹೆಚ್ಚು. ಆ ವ್ಯತ್ಯಾಸವೇ ಮೈಯನ್ನು ಉದ್ದಕ್ಕೆ ಎಳೆಯುತ್ತದೆ, ಅದರ ಅರ್ಧದಷ್ಟು ಬಲ ಪಕ್ಕಗಳಿಂದ ಒತ್ತುತ್ತದೆ. ಹತ್ತು ಸೂರ್ಯರ ಕುಳಿಯಲ್ಲಿ 1.7 ಮೀಟರ್ ಎತ್ತರದವನ ತಲೆಗೂ ಕಾಲಿಗೂ ಭೂಮಿಯ ಗುರುತ್ವದಷ್ಟೇ ವ್ಯತ್ಯಾಸ ಬರುವುದು 7,700 ಕಿ.ಮೀ. ದೂರದಲ್ಲೇ. ದಿಗಂತದ ಬಳಿ ಅದು ಸುಮಾರು 1.8 ಕೋಟಿ ಪಟ್ಟು. ಆ ಹೊತ್ತಿಗೆ ಅಲ್ಲಿ ಮನುಷ್ಯನೆಂಬುವನಿಲ್ಲ. ನಮ್ಮ ಕ್ಷೀರಪಥದ ನಡುವಿನ 43 ಲಕ್ಷ ಸೂರ್ಯರ ಕುಳಿಯಲ್ಲಿ ದಿಗಂತದ ಬಳಿ ಈ ಎಳೆತ ಗುರುತ್ವದ ಹತ್ತು ಸಾವಿರದಲ್ಲೊಂದು, ಗೊತ್ತೇ ಆಗದು. ಆದರೆ ಒಳಗೆ ಉಳಿಯುವುದು 28 ಸೆಕೆಂಡ್ ಮಾತ್ರ. ಎಂ87ರ ದಿಗಂತದಲ್ಲಿ ಎಳೆತ ಭೂಮಿಯ ಮೇಲೆ ಸುಮ್ಮನೆ ನಿಂತವನ ತಲೆಗೂ ಕಾಲಿಗೂ ಇರುವ ಸಹಜ ವ್ಯತ್ಯಾಸಕ್ಕಿಂತಲೂ 12 ಸಾವಿರ ಪಟ್ಟು ಕಡಿಮೆ. ದೊಡ್ಡದಾದಷ್ಟೂ ಮೃದು, ಇದು ಕಪ್ಪುಕುಳಿಗಳ ಬಗ್ಗೆ ಮೊದಲು ಕಲಿಯಬೇಕಾದ ಮಾತು.

ಸಂಜೆ 5ಕ್ಕೆ ಅವನು ದಿಗಂತ ದಾಟುತ್ತಾನೆ. ಅಲ್ಲಿ ಗೋಡೆಯಿಲ್ಲ, ಗೆರೆಯಿಲ್ಲ, ಜರ್ಕಿಲ್ಲ. ಗಡಿಯಾರ ಸೆಕೆಂಡಿಗೆ ಸೆಕೆಂಡಿನಂತೆ ನಡೆಯುತ್ತದೆ. ಮುಂದಿನ ಕತ್ತಲೆ 84 ಡಿಗ್ರಿ, ಆಕಾಶದ ಅರ್ಧವೂ ಇಲ್ಲ. ಶೂ ಮೊದಲು ದಾಟುತ್ತದೆ, ತಲೆ ಆಮೇಲೆ, ಆದರೂ ಶೂ ಲೇಸು ಒಂದು ಕ್ಷಣವೂ ಮರೆಯಾಗುವುದಿಲ್ಲ. ದಿಗಂತದಲ್ಲಿ ಶೂವಿನಿಂದ ಮೇಲಕ್ಕೆ ಹೊರಟ ಬೆಳಕು ಅಲ್ಲೇ ನಿಂತಿರುತ್ತದೆ, ಅವನ ಕಣ್ಣು ಅಲ್ಲಿಗೆ ಬಂದು ಅದನ್ನು ಹಿಡಿಯುತ್ತದೆ. ಬೀಳುವಾಗ ಹಿಂದೆ ತಿರುಗಿದರೆ ಬ್ರಹ್ಮಾಂಡದ ಭವಿಷ್ಯವೆಲ್ಲ ಕಣ್ಮುಂದೆ ಓಡುತ್ತದೆ ಎಂಬ ಮಾತು ಜನಪ್ರಿಯ. ಅದು ತಪ್ಪು. ಅದು ದಿಗಂತದ ಹೊರಗೆ ಎಂಜಿನ್ ಬಲದಿಂದ ನೇತಾಡುತ್ತಾ ನಿಂತವನಿಗೆ ಅನ್ವಯಿಸುವ ಮಾತು. ಬೀಳುವವನಿಗೆ ನೇರ ಹಿಂದಿನ ನಕ್ಷತ್ರಗಳ ಆವರ್ತನ ದಿಗಂತದಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಊರಿನ ಗಡಿಯಾರ ಅವನ ಕಣ್ಣಿಗೆ ನಿಧಾನವಾಗಿಯೇ ಓಡುತ್ತದೆ.

ದೂರದವರಿಗೆ ಈ 5 ಗಂಟೆ ತಲುಪುವುದೇ ಇಲ್ಲ. ದಿಗಂತದ ಸಮೀಪದಿಂದ ಬರುವ ಅವನ ಬೆಳಕಿನ ಆವರ್ತನ 36 ಗಂಟೆಗೊಮ್ಮೆ 2.7 ಪಟ್ಟು ಇಳಿಯುತ್ತಾ ಹೋಗುತ್ತದೆ. ಹೊರಟ ಗುರುತಿನಲ್ಲಿ ಬೀರಿದ ಬೆಳಕು ತಲುಪಿದ ದಿನದಿಂದ ಸುಮಾರು 32ನೇ ದಿನಕ್ಕೆ ಆ ಹಸಿರು ಟಾರ್ಚಿನ ಬೆಳಕು 34.5 ಮೆಗಾಹರ್ಟ್ಸ್‌ಗೆ ಇಳಿದಿರುತ್ತದೆ. ಕಣ್ಣಿನ ಬೆಳಕು ಗೌರಿಬಿದನೂರಿನ ಡೈಪೋಲ್ ಹಿಡಿಯುವ ಅಲೆಯಾಗಿರುತ್ತದೆ, ಆದರೆ ಹಿಡಿಯಲಾಗದಷ್ಟು ಕ್ಷೀಣ. ಹತ್ತು ಸೂರ್ಯರ ಕುಳಿಯಲ್ಲಿ ಅದೇ 36 ಗಂಟೆಯ ಜಾಗದಲ್ಲಿ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು. 1965ರಲ್ಲಿ ಇದೇ ಕೆಜಿಎಫ್‌ನ 2.3 ಕಿ.ಮೀ. ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿದರು. ಇಡೀ ಭೂಮಿಯನ್ನೇ ತೂರಿಬರುವ ಕಣ ಅದು. ದಿಗಂತದೊಳಗಿಂದ ಅದೂ ಹೊರಬರದು.

ಭಾನುವಾರ ರಾತ್ರಿಯಿಂದ ಸೋಮವಾರ 4:52

ದಿಗಂತದೊಳಗೆ ಎಲ್ಲರೂ ಎಡವುವ ಜಾಗವೊಂದಿದೆ. ಸಿಂಗ್ಯುಲಾರಿಟಿ, ಅಂದರೆ ಎಳೆತ ಅನಂತವಾಗುವ ಆ ಕೊನೆ, ಮುಂದೆ ಎಲ್ಲೋ ಇರುವ ಜಾಗ, ಪಕ್ಕಕ್ಕೆ ತಿರುಗಿದರೆ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳುತ್ತೇವೆ. ಒಳಗೆ ತ್ರಿಜ್ಯದ ದಿಕ್ಕೇ ಕಾಲದ ದಿಕ್ಕಾಗುತ್ತದೆ. ಸಿಂಗ್ಯುಲಾರಿಟಿ ಎಂಬುದು ಸೋಮವಾರ 4:52 ಎಂಬ ಹೊತ್ತು. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಸೋಮವಾರ ಬಂದೇ ಬರುತ್ತದೆ. ಹಾಗಾಗಿ ಅದನ್ನು ಮೊದಲೇ ಕಣ್ಣಿಂದ ನೋಡಲೂ ಆಗದು.

ಸಮಯ ಸ್ವಲ್ಪ ಹಿಗ್ಗಿಸಬಹುದು. ಈ ದ್ರವ್ಯರಾಶಿಯ ಕುಳಿಯೊಳಗೆ ಯಾರಿಗೇ ಆಗಲಿ ಸಿಗಬಹುದಾದ ಗರಿಷ್ಠ 27 ಗಂಟೆ 56 ನಿಮಿಷ, ಅದು ದಿಗಂತದ ಅಂಚಿನಲ್ಲೇ ನಿಶ್ಚಲವಾಗಿದ್ದು ಬಿದ್ದವನ ಲೆಕ್ಕ. ವೇಗವಾಗಿ ಬಂದವನಿಗೆ 11 ಗಂಟೆ 52 ನಿಮಿಷ. ದಾಟಿದ ಕೂಡಲೇ ಎಂಜಿನ್ನನ್ನು ಬೀಳುವಿಕೆಗೆ ಎದುರಾಗಿ ಉರಿಸಿ, ಅಂಚಿನಿಂದ ಬಿದ್ದವನ ದಾರಿಗೆ ಸೇರಿಕೊಂಡು, ತಕ್ಷಣ ಆರಿಸಬೇಕು. ಅಲ್ಲಿಂದಾಚೆ ಉರಿಸುತ್ತಲೇ ಇದ್ದರೆ ಉಳಿದ ಸಮಯ ಕಡಿಮೆಯಾಗುತ್ತದೆ. ತಡಮಾಡಿ ಉರಿಸಿದರೂ ಲಾಭ ಅಲ್ಪ.

ನಮ್ಮ ಯಾತ್ರಿಕನ ಬಳಿ ಎಂಜಿನ್ ಇಲ್ಲ. ನಡುರಾತ್ರಿಯ ಹೊತ್ತಿಗೆ ಅವನು 1,060 ಕೋಟಿ ಕಿ.ಮೀ. ತ್ರಿಜ್ಯದಲ್ಲಿದ್ದಾನೆ. 3:52ಕ್ಕೆ, ಒಂದು ಗಂಟೆ ಬಾಕಿಯಿರುವಾಗಲೂ ಮೈಯೆಳೆತ ಭೂಮಿಯ ಮೇಲಿನದಕ್ಕಿಂತ 90 ಪಟ್ಟು ಕಡಿಮೆ. ಊಟ ಮಾಡಬಹುದು, ನಿದ್ದೆಯನ್ನೂ ಮಾಡಬಹುದು. ಭೂಮಿಯ ಮೇಲೆ ನಿಂತವನ ಆ ಸಹಜ ವ್ಯತ್ಯಾಸಕ್ಕೆ ಎಳೆತ ಸಮನಾಗುವುದು ಇನ್ನು 6 ನಿಮಿಷ 20 ಸೆಕೆಂಡ್ ಇರುವಾಗ. ಒಂದು ಸೆಕೆಂಡ್ ಉಳಿದಾಗ ತಲೆ ಕಾಲುಗಳ ವ್ಯತ್ಯಾಸ ಗುರುತ್ವದ ಹದಿಮೂರನೇ ಒಂದು ಪಾಲು. 0.28 ಸೆಕೆಂಡಿನಲ್ಲಿ ಗುರುತ್ವದಷ್ಟು, 0.09ರಲ್ಲಿ ಅದರ ಹತ್ತು ಪಟ್ಟು, 0.03ರಲ್ಲಿ ನೂರು ಪಟ್ಟು. ಈ ಅಂಕಿಗಳಲ್ಲಿ ಕುಳಿಯ ದ್ರವ್ಯರಾಶಿಯೇ ಬರುವುದಿಲ್ಲ. ದೂರದಿಂದ ಬಿದ್ದವನಿಗೆ ಎಳೆತ ಉಳಿದ ಸಮಯವೊಂದನ್ನೇ ಅವಲಂಬಿಸುತ್ತದೆ, ಅದರ ವರ್ಗಕ್ಕೆ ವಿಲೋಮವಾಗಿ. ಹತ್ತು ಸೂರ್ಯರ ಕುಳಿಯಾಗಲಿ, 650 ಕೋಟಿಯದಾಗಲಿ, ಹಿತವಾಗಿರುವುದರಿಂದ ಮುಗಿಯುವವರೆಗೆ ಅದೇ ಕಾಲು ಸೆಕೆಂಡ್. ಚಿಕ್ಕದರಲ್ಲಿ ಅದು ದಿಗಂತದ ಹೊರಗೇ ಶುರುವಾಗುತ್ತದೆ, ದೊಡ್ಡದರಲ್ಲಿ ಒಳಗೆ, ನಡುವಿನಿಂದ 67 ಲಕ್ಷ ಕಿ.ಮೀ. ಇರುವಾಗ. ಪಾದದ ನೋವನ್ನು ಬೇಗ ಒಯ್ಯುವ ನರಗಳೂ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದವು. ಮಿದುಳಿಗೆ ಸುದ್ದಿ ಮುಟ್ಟಲು ಸುಮಾರು ಹತ್ತನೇ ಒಂದು ಸೆಕೆಂಡ್ ಬೇಕು. ಹತ್ತು ಪಟ್ಟಿನ ಎಳೆತಕ್ಕೆ ಪಾದದಲ್ಲಿ ಹುಟ್ಟಿದ ನೋವಿಗೆ ಅಷ್ಟು ಸಮಯ ಸಾಲುವುದಿಲ್ಲ.

4:52ಕ್ಕೆ ಸಮೀಕರಣ ಎಳೆತ ಅನಂತ ಎನ್ನುತ್ತದೆ. ಅಷ್ಟು ಚಿಕ್ಕ ಅಳತೆಯಲ್ಲಿ ಗುರುತ್ವಕ್ಕೆ ಕ್ವಾಂಟಮ್ ಸಿದ್ಧಾಂತ ಬೇಕು, ಅದು ಇನ್ನೂ ಕೈಗೆ ಸಿಕ್ಕಿಲ್ಲ. ನಿಜವಾದ ಎಂ87ರ ಕುಳಿ ತಿರುಗುತ್ತಿದೆ ಎನ್ನಲು ಒಳ್ಳೆಯ ಕಾರಣಗಳಿವೆ. ತಿರುಗುವ ಕುಳಿಯ ಪರಿಹಾರವನ್ನು ರಾಯ್ ಕೆರ್ 1963ರಲ್ಲಿ ಕೊಟ್ಟರು. ಅದರಲ್ಲಿ ಒಳಗೆ ಎರಡನೆಯ ದಿಗಂತವೊಂದಿದ್ದು, ಅಲ್ಲಿ ಹೊರಗಿನಿಂದ ಬೀಳುವ ಬೆಳಕು ವಿಪರೀತ ಶಕ್ತಿಗೆ ಏರಿ ಲೆಕ್ಕವನ್ನೇ ಕೆಡಿಸುತ್ತದೆ. ಅಂಥ ಕುಳಿಗೆ ಬಿದ್ದವನ ಕೊನೆಯ ಗಂಟೆಗಳಿಗೆ ಈ ವೇಳಾಪಟ್ಟಿ ಸಲ್ಲುವುದಿಲ್ಲ. ದಿಗಂತ ದಾಟುವವರೆಗಿನ ಅನುಭವ ಮಾತ್ರ ಬಹುಮಟ್ಟಿಗೆ ಹೀಗೇ ಇರುತ್ತದೆ.